ಕಣಕುಂಬಿ ಹಾದಿಯ ಹೊಗೆಮರ

ಬೆಳಗಾವಿಯ ಖಡೇಬಜಾರದ ಸೀರೆ ಅಂಗಡಿಗಳಲ್ಲಿ ಬಸವಣ್ಣೆವ್ವನನ್ನು ಅರಿಯದವರಿರಲಿಲ್ಲ. ಮಗಳ ಮದುವೆಗೆ ಜವಳಿ ತೆಗೆಯಲು ಬಂದವರು ಸೀರೆಗಳ ರಾಶಿ ನೋಡಿ, "ಇಷ್ಟೆಲ್ಲಾ ಒಂದ ಟ್ರಂಕಿನ್ಯಾಗ ಹೆಂಗ ಹಿಡಸೂದ್ರಿ?" ಎಂದು ಕೇಳಿದರೆ ಅಂಗಡಿಯವರು, "ಕ್ಯಾಂಪಿನ್ಯಾಗ ಬಸವಣ್ಣೆವ್ವ ಅಂತ ಅದಾರ, ಅವರನ್ನ ಕರಸ್ರಿ" ಎನ್ನುತ್ತಿದ್ದರು. ಬಸವಣ್ಣೆವ್ವ ಬರುತ್ತಿದ್ದಳು. ಕುಳ್ಳಗೆ, ಗುಂಡಗೆ, ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಬೆಳ್ಳಿ ಕರಡಿಗೆ. "ಎಲ್ಲಾರೂ ಹೊರಗ ನಡೀರಿ" ಎಂದು ಖೋಲಿಯ ಬಾಗಿಲು ಹಾಕಿಕೊಂಡರೆ ಅರ್ಧ ತಾಸಿಗೆ ಟ್ರಂಕು ತಯಾರು. ಮುಚ್ಚಳ ಹಾಕುವುದಕ್ಕೆ ಯಾರೂ ಅದರ ಮೇಲೆ ಹತ್ತಿ ಕೂಡಬೇಕಾಗಿರಲಿಲ್ಲ. ಬೀಗರ ಊರಿನಲ್ಲಿ ತೆಗೆದು ನೋಡಿದರೆ ಒಂದು ಸೀರೆಯೂ ಸುಕ್ಕುಗಟ್ಟಿರುತ್ತಿರಲಿಲ್ಲ, ಜರಿಗೆ ಜರಿ ತಾಗಿರುತ್ತಿರಲಿಲ್ಲ.

ಈ ವಿದ್ಯೆ ಅವಳಿಗೆ ಬಂದದ್ದು ಕರಂಜಗಡದ ಅರಮನೆಯಿಂದ. ಖಾನಾಪುರ ತಾಲೂಕಿನ ಬೀಡಿಯಲ್ಲಿ ಹುಟ್ಟಿದವಳು ಹದಿನೈದನೆಯ ವಯಸ್ಸಿಗೆ ಸೋದರತ್ತೆಯ ಕೈಹಿಡಿದು ಆ ಅರಮನೆ ಸೇರಿದ್ದಳು. ಅತ್ತೆ ಅಲ್ಲಿ ಬಟ್ಟೆ ಖೋಲಿಯವಳು. ಅದೇ ವರ್ಷ ಸಾತಾರಾ ಕಡೆಯ ಹದಿನಾರರ ಹುಡುಗಿಯೊಬ್ಬಳು ರಾಣಿಯಾಗಿ ಬಂದಳು. ರಾಣಿಗೆ ಕನ್ನಡ ಬಾರದು, ಬಸವಣ್ಣೆವ್ವನಿಗೆ ಅಡ್ಡಾದಿಡ್ಡಿ ಮರಾಠಿ ಬರುತ್ತಿತ್ತು. ವಯಸ್ಸೂ ಸರಿಹೋಯಿತು. ರಾಣಿಯ ಬಟ್ಟೆಬರೆ ಇವಳ ಕೈಗೆ ಬಂತು, ಇವಳ ಕನ್ನಡ ರಾಣಿಯ ಬಾಯಿಗೆ ಹೋಯಿತು.

ಕರಂಜಗಡ ಸಣ್ಣ ಸಂಸ್ಥಾನ. ಬೆಳಿಗ್ಗೆ ಕುದುರೆ ಹತ್ತಿದವನು ಊಟದ ಹೊತ್ತಿಗೆ ಗಡಿ ದಾಟಿಬಿಡಬಹುದಿತ್ತು. ಹಾಗಿದ್ದೂ ರಾಜಾಸಾಹೇಬರಿಗೆ ತಿರುಗಾಟದ ಹುಚ್ಚು; ಬಹುಶಃ ಹಾಗಿದ್ದುದರಿಂದಲೇ. ಬೇಸಿಗೆಗೆ ಮಹಾಬಳೇಶ್ವರ, ಕುದುರೆ ರೇಸಿಗೆ ಮುಂಬೈ, ಒಮ್ಮೆ ಊಟಿ, ಒಮ್ಮೆ ಕಾಶಿ. ರೈಲಿಗೆ ಅವರದೇ ಬೇರೆ ಡಬ್ಬಿ ಜೋಡಿಸುತ್ತಿದ್ದರು. ಐದು ದಿನದ ಪ್ರವಾಸಕ್ಕೂ ನಲವತ್ತೆರಡು ಸಂದೂಕಗಳು ಹೊರಡಬೇಕು. ಅಡುಗೆಯ ಆಚಾರಿಯ ಒರಳುಕಲ್ಲೂ ಜೊತೆಗೆ. ಓದು ಬಾರದ ಬಸವಣ್ಣೆವ್ವ ಒಂದೊಂದು ಸಂದೂಕದ ಮೇಲೆ ಒಂದೊಂದು ಚಿತ್ರ ಬರೆಸಿದ್ದಳು. ಗಿಳಿಯಿದ್ದರೆ ರಾಣಿಯ ಪೈಠಣಿ ಸೀರೆ, ಬದನೆಕಾಯಿಯಿದ್ದರೆ ಉಪ್ಪಿನಕಾಯಿಯ ಭರಣಿ, ಮೀಸೆಯಿದ್ದರೆ ರಾಜಾಸಾಹೇಬರ ರುಮಾಲುಗಳು. ಮೀಸೆಯ ಸುದ್ದಿ ರಾಜಾಸಾಹೇಬರ ಕಿವಿಗೆ ಬಿದ್ದಾಗ ಅವರು ಸ್ವತಃ ಬಂದು ನೋಡಿ, "ಸ್ವಲ್ಪ ಸಣ್ಣದಾಗೇತಿ" ಎಂದರಂತೆ.

ರಾಣಿಯವರದು ಗೋಷಾ. ಮೋಟಾರಿನ ಕಿಟಕಿಗಳಿಗೆ ದಪ್ಪ ಪರದೆ, ರೈಲಿನ ಡಬ್ಬಿಗೂ ಪರದೆ, ಇಳಿಯುವಾಗ ನಾಲ್ಕು ಜನ ಹಿಡಿದ ಬಟ್ಟೆಯ ಗೋಡೆ. ಇಡೀ ಹಿಂದುಸ್ತಾನ ಸುತ್ತಿದರೂ ಅವರು ಕಂಡದ್ದು ಮೋಟಾರಿನ ಒಳಮೈಯನ್ನು ಮಾತ್ರ. ಬಸವಣ್ಣೆವ್ವ ಹಾಗಲ್ಲ. ಅವಳು ಸಾಮಾನಿನ ಲಾರಿಯಲ್ಲಿ, ಡೇರೆಯ ಗಂಟುಗಳ ಮೇಲೆ ಕೂತು, ಗಾಳಿಗೆ ಮುಖ ಕೊಟ್ಟು ಎಲ್ಲವನ್ನೂ ನೋಡುತ್ತ ಹೋಗುವವಳು. ಬಿಡಾರ ಸೇರಿದ ಮೇಲೆ ಅವಳು ಸೀರೆ ಬಿಚ್ಚಿಡುತ್ತಿದ್ದರೆ ರಾಣಿ ಮಂಚದ ಮೇಲೆ ಕಾಲು ಮಡಿಚಿ ಕೂತು, "ಇವತ್ತ ಏನೇನ ನೋಡಿದಿ, ಹೇಳು" ಎನ್ನುತ್ತಿದ್ದರು. ಬಸವಣ್ಣೆವ್ವ ಹೇಳುತ್ತಿದ್ದಳು. ಕಾಶಿಯ ಮೆಟ್ಟಿಲುಗಳು, ಊಟಿಯ ಮಂಜು, ಮುಂಬೈಯ ಸಮುದ್ರ, ಎಲ್ಲವನ್ನೂ ರಾಣಿ ನೋಡಿದ್ದು ಅವಳ ಬಾಯಲ್ಲಿ.

ಹೀಗಿರುವಾಗ ಒಂದು ಚಳಿಗಾಲ ರಾಜಾಸಾಹೇಬರು ಕಣಕುಂಬಿಯ ಕಾಡಿಗೆ ಶಿಕಾರಿಗೆ ಹೊರಟರು. ಗೋವಾ ಗಡಿಯ ಹತ್ತಿರದ ದಟ್ಟ ಅಡವಿ ಅದು. ಎರಡು ದಿನ ನಿದ್ದೆಗೆಟ್ಟು ಸಂದೂಕ ತುಂಬಿದ್ದ ಬಸವಣ್ಣೆವ್ವ ಲಾರಿ ಹತ್ತಿದವಳೇ ಡೇರೆಯ ಗಂಟಿಗೆ ಒರಗಿ ಮಲಗಿಬಿಟ್ಟಳು. ಎಚ್ಚರಾದಾಗ ಕಣಕುಂಬಿ. ಆ ಸಂಜೆ ರಾಣಿ ಎಂದಿನಂತೆ ಕೇಳಿದರು. ಇಡೀ ದಿನ ಕತ್ತಲ ಮೋಟಾರಿನಲ್ಲಿ ಕೂತು ಬಂದ ಆ ಮುಖ ನೋಡಿ, ನಾನು ಮಲಗಿದ್ದೆ ಎನ್ನಲು ಬಸವಣ್ಣೆವ್ವನಿಗೆ ಬಾಯಿ ಬರಲಿಲ್ಲ.

"ಒಂದ ಮರ ನೋಡಿದೆರಿ," ಎಂದಳು. "ಹತ್ತ ಮಂದಿ ಕೈ ಹಿಡದ ನಿಂತರೂ ತೆಕ್ಕಿಗಿ ಸಿಗೂದಿಲ್ಲ, ಅಷ್ಟ ದೊಡ್ಡದು. ಹೊಟ್ಟ್ಯಾಗ ಪೊಟರಿ. ಪೊಟರ್ಯಾಗ ಒಬ್ಬಾಕಿ ಮುದುಕಿ ಒಲಿ ಹಚ್ಚಿ ರೊಟ್ಟಿ ಬಡ್ಯಾಕತ್ತಿದ್ದಳು. ಹೊಗಿ ಮ್ಯಾಲೆ ಮರದ ತುದ್ಯಾಗಿಂದ ಹೊಂಟಿತ್ತು."

ರಾಣಿ ಕಣ್ಣರಳಿಸಿದರು. ಹಿಂದೆ ಯಾವ ಊರಿನ ಸುದ್ದಿಗೂ ಅವರು ಅಷ್ಟು ಹಿಗ್ಗಿರಲಿಲ್ಲ. ಮುದುಕಿಯ ಸೀರೆ ಯಾವ ಬಣ್ಣ, ರೊಟ್ಟಿ ಜೋಳದ್ದೋ ಅಕ್ಕಿಯದ್ದೋ ಎಂದು ಕೇಳಿ ಕೇಳಿ ತಿಳಿದುಕೊಂಡರು. ಅಕ್ಕಿಯದು ಎಂದಳು ಬಸವಣ್ಣೆವ್ವ.

ಮುಂದೆ ನಡೆದದ್ದು ಅವಳಿಗೆ ಬಗೆಹರಿಯಲೇ ಇಲ್ಲ. ಮಾರನೆಯ ದಿನ ರಾಜಾಸಾಹೇಬರು ಕುದುರೆಯ ಮೇಲೆ ಹೋಗಿ ಬಂದು, ತಾವೂ ಆ ಮರ ನೋಡಿದ್ದಾಗಿಯೂ ಮುದುಕಿಗೆ ಒಂದು ಶಾಲು ಕೊಟ್ಟಿದ್ದಾಗಿಯೂ ಎಲ್ಲರೆದುರು ಹೇಳಿದರು. ಕರಂಜಗಡಕ್ಕೆ ಮರಳಿದ ಮೇಲೆ ಅರಮನೆಯ ಚಿತ್ರಗಾರನಿಂದ ಅದರದೊಂದು ದೊಡ್ಡ ಚಿತ್ರ ಬರೆಸಿದರು: ಕಪ್ಪು ಹಸಿರು ಅಡವಿ, ನಡುವೆ ಮರ, ಮರದ ನೆತ್ತಿಯಿಂದ ನೀಲಿ ಹೊಗೆ. ಬಸವಣ್ಣೆವ್ವ ಅದರ ಮುಂದೆ ನಿಂತು ತಲೆ ಕೆರೆದುಕೊಂಡಳು. ತಾನು ಹೇಳಿದ್ದು ಸುಳ್ಳೆಂದು ಅವಳಿಗೆ ಗೊತ್ತು. ಆದರೆ ರಾಜರು ಕಣ್ಣಾರೆ ಕಂಡಿದ್ದೇವೆ ಅನ್ನುತ್ತಾರಲ್ಲ! ನಿದ್ದೆಗಣ್ಣಿನಲ್ಲಿ ನಾನೇ ನೋಡಿರಬಹುದೇ ಎಂಬ ಅನುಮಾನ ಅವಳ ತಲೆಹೊಕ್ಕು ಅಲ್ಲೇ ಉಳಿಯಿತು.

ಕಾಲ ಸರಿಯಿತು. ನಲವತ್ತೆಂಟರಲ್ಲಿ ಸಂಸ್ಥಾನ ವಿಲೀನವಾಯಿತು, ರೈಲಿನ ಡಬ್ಬಿ ಹೋಯಿತು. ರಾಜಾಸಾಹೇಬರು ತೀರಿಕೊಂಡರು. ಡೇರೆ ಹೊಡೆಯುವ ಕೆಲಸದಲ್ಲಿದ್ದ, ಬಸವಣ್ಣೆವ್ವನ ಗಂಡ ಗುರುಪುತ್ರಪ್ಪನೂ ತೀರಿಕೊಂಡ. ಎಪ್ಪತ್ತೊಂದರಲ್ಲಿ ಸರಕಾರ ರಾಜಧನ ನಿಲ್ಲಿಸಿದಾಗ ಅರಮನೆಗೆ ಬೀಗ ಬಿತ್ತು. ಮನೆತನ ಬೆಳಗಾವಿಯ ದಂಡಿನ ಕ್ಯಾಂಪಿನ ಹಳೆಯ ಬಂಗಲೆಗೆ ಬಂದು ನೆಲೆಸಿತು. ರಾಣಿ ಈಗ ಎಲ್ಲರಿಗೂ ಆಯಿಸಾಹೇಬರು. ಮಗ ಬಾಳಾಸಾಹೇಬರು ನೀರೆತ್ತುವ ಪಂಪುಗಳ ಏಜೆನ್ಸಿ ಹಿಡಿದು ಹಳ್ಳಿ ಹಳ್ಳಿ ತಿರುಗುತ್ತಿದ್ದರು. ಬಸವಣ್ಣೆವ್ವ ಹಿತ್ತಲ ಎರಡು ಖೋಲಿಯಲ್ಲಿ ಇದ್ದುಕೊಂಡು, ಹಗಲು ಊರವರ ಟ್ರಂಕು ತುಂಬಿ, ಸಂಜೆ ಆಯಿಸಾಹೇಬರ ಜೊತೆ ಜಗಲಿಯಲ್ಲಿ ಕೂಡುತ್ತಿದ್ದಳು. ಹೊಗೆಮರದ ಚಿತ್ರ ಹಾಲಿನಲ್ಲಿ ತೂಗುತ್ತಿತ್ತು.

ಎಪ್ಪತ್ತೊಂಬತ್ತರ ನವೆಂಬರದಲ್ಲಿ ಒಂದು ಸಂಜೆ ಆಯಿಸಾಹೇಬರು ಚಹಾದ ಬಟ್ಟಲು ಕೆಳಗಿಟ್ಟು, "ಬಸವಣ್ಣಿ, ಆ ಮರ ನೋಡಿ ಬರೂಣು ನಡಿ" ಎಂದರು.

ಬಸವಣ್ಣೆವ್ವ ತನ್ನ ಬಟ್ಟಲನ್ನೂ ಕೆಳಗಿಟ್ಟಳು. "ಯಾವ ಮರರಿ?"

"ನನಗ ಎಷ್ಟ ಮರ ಗೊತ್ತದಾವ? ಅದ, ಕಣಕುಂಬೀದು."

"ನಲವತ್ತ ವರ್ಷ ಆತ್ರಿ. ಈಗ ಇದ್ದೀತೋ ಇಲ್ಲೋ."

"ಅಷ್ಟ ದೊಡ್ಡ ಮರ ಎಲ್ಲಿ ಹೋಗತೈತಿ?"

ಬಾಳಾಸಾಹೇಬರು ಮೋಟಾರಿನಲ್ಲಿ ಕರೆದೊಯ್ಯುತ್ತೇನೆ ಎಂದರು. ಆಯಿಸಾಹೇಬರು ಒಪ್ಪಲಿಲ್ಲ. "ನೀ ಹಾದೀ ತುಂಬ ಪಂಪಿನ ಸುದ್ದಿ ಹೇಳತಿ. ನಾವು ರೈಲ್ವೇದಾಗ ಖಾನಾಪುರಕ್ಕ ಹೋಗಿ ಅಲ್ಲಿಂದ ಬಸ್ ಹಿಡೀತೇವಿ. ನನಗ ಮಂದಿ ಜೋಡಿ ಕುಂತ ಹೋಗಬೇಕಾಗೇತಿ." ಬಾಳಾಸಾಹೇಬರು ಅಜ್ಜನ ಕಾಲದ ಮಾನಮರ್ಯಾದೆಯ ಮಾತೆತ್ತಿದರು. ಆಯಿಸಾಹೇಬರು ಕೇಳಿಸಿಕೊಂಡು, "ಟಿಕೀಟ ಎಲ್ಲಿ ತಗೋಬೇಕು, ಅದನ್ನಷ್ಟ ಹೇಳು" ಎಂದರು.

ಬಸವಣ್ಣೆವ್ವ ಮೂರು ವಾರ ಏನೇನೋ ನೆಪ ಹೂಡಿ ನೋಡಿದಳು. ಆ ಕಡೆ ಕರಡಿ ಕಾಟ ಎಂದಳು. ಬಸ್ಸಿನ ಸೀಟಿನಲ್ಲಿ ತಿಗಣೆ ಎಂದಳು. ತನ್ನ ಮೊಣಕಾಲು ನೋವೆಂದು ಎಣ್ಣೆ ಹಚ್ಚಿಕೊಂಡು ಕೂತಳು. ಆಯಿಸಾಹೇಬರು ತಮ್ಮ ಮೊಣಕಾಲಿಗೂ ಅದೇ ಎಣ್ಣೆ ಹಚ್ಚಿಸಿಕೊಂಡು ದಿನ ಗೊತ್ತುಮಾಡಿದರು.

ಹೊರಡುವ ದಿನ ಇಬ್ಬರದೂ ಸೇರಿ ಒಂದೇ ಕೈಚೀಲ. ಆಯಿಸಾಹೇಬರು ಅದನ್ನು ಎತ್ತಿ ನೋಡಿ ಹಗುರಾಗಿದೆಯೆಂದು ಇನ್ನೊಂದು ಸೀರೆ ಹಾಕಲು ಬಂದರು. ಬಸವಣ್ಣೆವ್ವ ಕೈ ಅಡ್ಡ ಹಿಡಿದಳು. "ಇದು ನನ್ನ ಖಾತೇರಿ, ನೀವು ಕೈ ಹಾಕಬ್ಯಾಡ್ರಿ."

ಮುಂಜಾನೆಯ ಪ್ಯಾಸೆಂಜರಿನಲ್ಲಿ ತರಕಾರಿ ಬುಟ್ಟಿಯವರು, ಹಾಲಿನ ಕ್ಯಾನಿನವರು, ಲೋಂಡಾಕ್ಕೆ ಹೊರಟ ನೌಕರರು. ಆಯಿಸಾಹೇಬರು ಕಿಟಕಿಯ ಪಕ್ಕ ಕೂತರು. ದೇಸೂರು ದಾಟುವಷ್ಟರಲ್ಲಿ ಇಂಜಿನ್ನಿನ ಕಿಡಿಮಸಿ ಕಣ್ಣಿಗೆ ಬಿತ್ತು. ಎದುರಿಗಿದ್ದ ಹೆಂಗಸು ತನ್ನ ಸೆರಗಿನ ತುದಿ ತಿರುವಿ ಅದನ್ನು ತೆಗೆದಳು. ಖಾನಾಪುರದಲ್ಲಿ ಇಳಿದು ಗೇಟಿಗೆ ಬಂದಾಗ ಟಿಕೆಟ್ ಕಲೆಕ್ಟರ್ ಕೈ ಚಾಚಿದ.

"ಕೊಡಬೇಕೇನು?" ಆಯಿಸಾಹೇಬರು ಟಿಕೆಟ್ಟನ್ನು ಮುಷ್ಟಿಯಲ್ಲಿ ಬಿಗಿ ಹಿಡಿದು ಕೇಳಿದರು. "ಇದು ನಂದಲ್ಲೇನು?"

"ಪ್ರವಾಸ ಮುಗೀತಲ್ರಿ ಅಮ್ಮಾರ."

"ಎಲ್ಲಿ ಮುಗೀತು? ಇನ್ನೂ ಕಣಕುಂಬಿ ಐತಿ."

ಹಿಂದೆ ಜನ ನಿಂತಿದ್ದರು; "ಹೋಗ್ರಿ, ಇಟಗೋರಿ" ಎಂದು ಅವನು ಬಿಟ್ಟುಬಿಟ್ಟ.

ಬಸ್ಸಿಗೆ ಒಂದು ತಾಸು ಹೊತ್ತಿತ್ತು. ಬಸವಣ್ಣೆವ್ವನ ಮಗಳು ಕಾಂತಾ ಖಾನಾಪುರದಲ್ಲೇ, ಹಂಚಿನ ಕಾರಖಾನೆಯ ಹಿಂದೆ ಇದ್ದಳು. ಅವಳು ಉಪ್ಪಿಟ್ಟು ಮಾಡಿ ಕಾಯುತ್ತಿದ್ದಳು. ಆಯಿಸಾಹೇಬರು ಹಿತ್ತಲಿಗೆ ಕೈತೊಳೆಯಲು ಹೋದಾಗ ಬಸವಣ್ಣೆವ್ವ ಮಗಳ ಮುಂದೆ ಎಲ್ಲ ಹೇಳಿಕೊಂಡಳು. ಕಾಂತಾ ಬಾಯಿಗೆ ಸೆರಗು ಒತ್ತಿ ನಕ್ಕಳು.

"ಹೇಳಿಬಿಡವ್ವ. ಈ ವಯಸ್ಸಿನ್ಯಾಗ ನಿನಗೇನ ಕೆಲಸದಿಂದ ತಗೀತಾರ?"

"ಕೆಲಸದ್ದಲ್ಲ ಬೇ. ನನ್ನ ಮಾತ ಖರೇ ಅಂತ ತಿಳದ ಇಷ್ಟ ವರ್ಷ ಕಳದಾರ. ಉಳದದ್ದೂ ಸುಳ್ಳ ಅಂದರ ಏನ ಮಾಡಲಿ?"

ಕಣಕುಂಬಿ ಬಸ್ಸಿನ ಕಂಡಕ್ಟರ್ ಈರಣ್ಣ ಮಾತಿನ ಮಲ್ಲ. ಆಯಿಸಾಹೇಬರಿಗೆ ಕಿಟಕಿಯ ಸೀಟು ಅವನೇ ಕೊಡಿಸಿದ. ಊರು ದಾಟುತ್ತಲೇ ಗಾಳಿ ರಭಸದಿಂದ ಬಂದು ಅವರ ತಲೆಯ ಸೆರಗನ್ನು ಹೆಗಲಿಗೆ ಕೆಡವಿತು. ಬಸವಣ್ಣೆವ್ವ ಅಭ್ಯಾಸಬಲದಿಂದ ಅದನ್ನು ಎತ್ತಿ ಹೊದಿಸಹೋದಳು. "ಇರಲಿ ಬಿಡು" ಎಂದರು ಆಯಿಸಾಹೇಬರು. ನರೆತ ಕೂದಲು ಹಾರಾಡುತ್ತಿತ್ತು. ಗದ್ದೆ, ಕುಂಬಾರರ ಆವಿಗೆ, ಎಮ್ಮೆ ಮೈತೊಳೆಯುವವರು, ಶಾಲೆಗೆ ಓಡುವ ಮಕ್ಕಳು. ಒಂದೊಂದಕ್ಕೂ ಅವರು ಬಸವಣ್ಣೆವ್ವನ ಮೊಣಕೈ ತಿವಿದು ತೋರಿಸಿದರು.

ಜಾಂಬೋಟಿ ದಾಟಿ ಅಡವಿ ದಟ್ಟವಾದಾಗ ಆಯಿಸಾಹೇಬರು ಕಂಡಕ್ಟರನನ್ನು ಕರೆದರು. "ತಮ್ಮಾ, ಇಲ್ಲೆ ಒಂದ ದೊಡ್ಡ ಮರ ಇತ್ತು. ಪೊಟರ್ಯಾಗ ಮುದುಕಿ ಇರತಿದ್ದಳು. ತುದ್ಯಾಗಿಂದ ಹೊಗಿ ಬರತಿತ್ತು. ಅದು ಬಂದರ ಹೇಳು."

ಬಸವಣ್ಣೆವ್ವ ಕೈಚೀಲದೊಳಗೆ ಮುಖ ಹಾಕಿ ಏನನ್ನೋ ಹುಡುಕತೊಡಗಿದಳು. ಆದರೆ ಈರಣ್ಣ ಇಲ್ಲವೆನ್ನಲಿಲ್ಲ. "ಯಾವುದರಿ, ಆ ಮುದುಕೀ ಮರ ಏನ್ರಿ?" ಎಂದು ಹಿಂದಿನ ಸೀಟಿನವರ ಕಡೆ ತಿರುಗಿದ. ಬಸ್ಸಿನಲ್ಲಿ ಚರ್ಚೆ ಎದ್ದಿತು. ಅದು ಈ ಹಾದಿಯಲ್ಲ, ಹೆಮ್ಮಡಗಾ ಹಾದಿಯಲ್ಲಿದೆ ಎಂದನೊಬ್ಬ. ಸಿಡಿಲು ಬಡಿದು ಸುಟ್ಟಿತೆಂದಳು ಇನ್ನೊಬ್ಬಳು. ಕೊಡೆ ಊರಿಕೊಂಡು ಕೂತಿದ್ದ ಕಣಕುಂಬಿಯ ಮುದುಕ ಮಾಯಪ್ಪ ಎಲ್ಲರನ್ನೂ ಸುಮ್ಮನಿರಿಸಿದ.

"ನಮ್ಮಪ್ಪ ಹೇಳತಿದ್ದ. ಯಾವನೋ ರಾಜಾ ಬಂದು ಆ ಮುದುಕಿಗೆ ಶಾಲ ಹೊಚ್ಚಿ ಹೋಗಿದ್ದನಂತ. ಮುಂದ ರಸ್ತಾ ಅಗಲ ಮಾಡುವಾಗ ಮರ ಕಡದರು."

ಆಯಿಸಾಹೇಬರು ತಲೆದೂಗಿದರು. ಬಸವಣ್ಣೆವ್ವ ಚೀಲದಿಂದ ಮುಖ ತೆಗೆದು ಮಾಯಪ್ಪನನ್ನೇ ನೋಡಿದಳು. ಆಮೇಲೆ ಅವಳೂ ಕುತ್ತಿಗೆ ಚಾಚಿ ಹೊರಗೆ ಮರ ಹುಡುಕತೊಡಗಿದಳು.

ಕಣಕುಂಬಿಯಲ್ಲಿ ಇಳಿದಾಗ ಮಧ್ಯಾಹ್ನ. ಮಾವುಲಿದೇವಿಯ ಗುಡಿಯ ಹತ್ತಿರ, ಮಲಪ್ರಭೆ ಹುಟ್ಟುವ ಕೊಳದ ಮೆಟ್ಟಿಲ ಮೇಲೆ ಇಬ್ಬರೂ ಕೂತರು. ಕಾಂತಾ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದರು. ಬಸವಣ್ಣೆವ್ವ ಬುತ್ತಿಯ ಗಂಟು ಬದಿಗೆ ಸರಿಸಿದಳು.

"ಆಯಿಸಾಹೇಬ್ರ, ಆ ಮರ ಇಲ್ರಿ."

"ಕಡದರಂತ ಆ ಮನಶ್ಯಾ ಹೇಳಿದನಲ್ಲ."

"ಕಡದಿಲ್ರಿ. ಮೊದಲಿಂದ ಇಲ್ಲ. ಆವತ್ತ ನಾ ಲಾರ್ಯಾಗ ಮಲಕೊಂಡಿದ್ದೆ. ಜಾಂಬೋಟಿ ಯಾವಾಗ ದಾಟಿತು, ಗೊತ್ತಿಲ್ಲ. ನೀವು ಏನ ನೋಡಿದಿ ಅಂದ್ರಿ. ನಿಮ್ಮ ಮಾರಿ ನೋಡಿ ಬಾಯಿಗೆ ಬಂದದ್ದ ಹೇಳಿದೆ."

ಆಯಿಸಾಹೇಬರು ಕೈಯಲ್ಲಿದ್ದ ರೊಟ್ಟಿಯನ್ನು ಕೆಳಗಿಟ್ಟರು.

"ಕಾಶಿ?" ಎಂದರು.

"ಕಾಶಿ ಖರೇರಿ. ಲಿಂಗ ಮುಟ್ಟಿ ಹೇಳತೇನಿ."

"ಊಟಿ?"

"ಅದೂ ಖರೇ."

"ಮುಂಬೈ ಸಮುದ್ರ ಗಿಳಿ ಬಣ್ಣ ಅಂದಿದ್ದಿ. ಮುಂದ ಗೋಷಾ ಬಿಟ್ಟ ಮ್ಯಾಲೆ ನಾನ ನೋಡಿದೆ. ರಾಡಿ ನೀರು."

"ನಾ ನೋಡಿದಾಗ ಹಸರ ಇತ್ರಿ," ಎಂದಳು ಬಸವಣ್ಣೆವ್ವ ಗಟ್ಟಿಯಾಗಿ. ಅಷ್ಟರ ಮಟ್ಟಿಗೆ ಅವಳು ಬಿಟ್ಟುಕೊಡುವವಳಲ್ಲ.

ಆಯಿಸಾಹೇಬರ ತುಟಿಯ ಅಂಚು ಅದುರಿತು. "ಹಂಗಾದರ ನಂದೂ ಒಂದ ಕೇಳು. ಆವತ್ತ ಸಂಜೀಕ ನಾ ಮರದ ಸುದ್ದಿ ಅವರ ಮುಂದ ಹೇಳಿದೆ. ಅವರು ನಕ್ಕರು. ಆಳಿನ ಮಾತ ನಂಬತಿ ಏನು ಅಂದರು. ನನಗ ಸಿಟ್ಟ ಬಂತು. ಬಸವಣ್ಣಿ ಹೇಳಿದ್ದಲ್ಲ, ಪಡದೆ ಸರಿಸಿ ನನ್ನ ಕಣ್ಣಿಲೇ ನೋಡೇನಿ ಅಂದೆ."

ಬಸವಣ್ಣೆವ್ವ ಬೆಚ್ಚಿದಳು. ಆ ಕಾಲದಲ್ಲಿ ರಾಣಿಯೊಬ್ಬಳು ಪರದೆ ಸರಿಸಿದೆ ಎಂದು ಗಂಡನಿಗೆ ಹೇಳುವುದು ಸಣ್ಣ ಮಾತಲ್ಲ. "ಬೈಲಿಲ್ಲೇನ್ರಿ?"

"ಸುಮ್ಮನಾದರು. ಮರುದಿನ ಕುದುರಿ ಹತ್ತಿ ಹೋದರು. ಹೋಗಿ ಇಡೀ ಅಡವಿ ತಿರಗಿರಬೇಕು, ಪಾಪ. ಹೆಂಡತಿ ಪಡದೇ ಸಂದ್ಯಾಗಿಂದ ಕಂಡದ್ದು ಶಿಕಾರಿ ಮಾಡೂ ರಾಜಾಗ ಸಿಗಲಿಲ್ಲ ಅಂದರ ಮೀಸಿ ಉಳೀತೈತೇನು? ನಾನೂ ನೋಡಿದೆ, ಶಾಲೂ ಕೊಟ್ಟೆ ಅಂದರು."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ನಕ್ಕದ್ದು ಯಾರೋ ತಿಳಿಯದು. ನಗು ಹಿಡಿಯಲಾರದೆ ಆಯಿಸಾಹೇಬರು ಮೆಟ್ಟಿಲಿಗೆ ಒರಗಿದರು. ಬಸವಣ್ಣೆವ್ವನಿಗೆ ಕಣ್ಣಲ್ಲಿ ನೀರು ಬಂದು ವಿಭೂತಿ ಕರಗಿತು. ಗುಡಿಗೆ ಹೂವು ತಂದಿದ್ದ ಹೆಂಗಸೊಬ್ಬಳು ನಿಂತು ನೋಡಿ, ಏನೆಂದು ತಿಳಿಯದೆ ತಾನೂ ನಕ್ಕು ಮುಂದೆ ಹೋದಳು.

"ನಲವತ್ತ ವರ್ಷ ಹೊಟ್ಟ್ಯಾಗ ಇಟಗೊಂಡಿದ್ದಿ?" ಎಂದರು ಆಯಿಸಾಹೇಬರು ಉಸಿರು ತಿರುಗಿದ ಮೇಲೆ.

"ನೀವೂ ಇಟಗೊಂಡಿದ್ರಲ್ರಿ."

ಊಟ ಮುಗಿಸಿ ಅವರು ಕೊಳದಿಂದ ನೀರು ಹೊರಬೀಳುವ ಜಾಗಕ್ಕೆ ಹೋದರು. ಖಾನಾಪುರದಲ್ಲಿ ಸೇತುವೆ ಬೇಡುವ ಹೊಳೆ ಅಲ್ಲಿ ಒಂದು ಹೆಜ್ಜೆಯ ಅಗಲ. ಆಯಿಸಾಹೇಬರು ನಿರಿಗೆ ಎತ್ತಿ ಹಿಡಿದು ದಾಟಿದರು, ತಿರುಗಿ ಈಚೆ ದಾಟಿದರು, ಮತ್ತೊಮ್ಮೆ ದಾಟಿದರು. ನಾಲ್ಕರ ಬಸ್ಸು ಹಾರ್ನ್ ಹೊಡೆದಾಗ ಅವರು ಆಚೆ ದಂಡೆಯಲ್ಲಿದ್ದರು.

ಮನೆಗೆ ಬಂದಾಗ ಬಾಳಾಸಾಹೇಬರು ಬಾಗಿಲಲ್ಲೇ ಕೇಳಿದರು. "ಸಿಕ್ಕಿತೇನವಾ ಮರ?"

"ರಸ್ತೇಕ ಕಡದಾರಂತ," ಎಂದರು ಆಯಿಸಾಹೇಬರು ಚಪ್ಪಲಿ ಬಿಡುತ್ತ. "ನಿಮ್ಮಪ್ಪ ಶಾಲು ಕೊಟ್ಟದ್ದು ಆ ಊರ ಮಂದಿಗಿ ಇನ್ನೂ ನೆನಪೈತಿ." ಬಾಳಾಸಾಹೇಬರ ಎದೆ ಉಬ್ಬಿತು. ಬಸವಣ್ಣೆವ್ವ ಚೀಲ ಎತ್ತಿಕೊಂಡು ಬೇಗ ಬೇಗ ಒಳಗೆ ಹೋದಳು.

ಆಮೇಲೆ ತಿರುಗಾಟ ನಿಲ್ಲಲಿಲ್ಲ. ಹೊಸ ವರ್ಷದ ಸಂಕ್ರಾಂತಿ ಮುಗಿದ ಮೇಲೆ ಆಯಿಸಾಹೇಬರು, "ಈ ಸಲ ನೀ ಹೇಳು. ನಿನಗ ಎಲ್ಲಿಗಿ ಹೋಗಬೇಕಂತ ಐತಿ?" ಎಂದು ಕೇಳಿದರು. ಬಸವಣ್ಣೆವ್ವ ತಬ್ಬಿಬ್ಬಾದಳು. ಅಷ್ಟು ಊರು ತಿರುಗಿದ್ದರೂ ಎಲ್ಲಿಗೆ ಹೋಗಬೇಕೆಂದು ಅವಳನ್ನು ಯಾರೂ ಕೇಳಿರಲಿಲ್ಲ. ಎರಡು ದಿನದ ಸಮಯ ಕೇಳಿ, ಮೂರನೆಯ ದಿನ ಹೇಳಿದಳು: "ಕೂಡಲಸಂಗಮ." ಹಿಂದೊಮ್ಮೆ ಅರಮನೆಯ ಲಾರಿ ಆ ಕಡೆ ಹಾದು ಹೋಗಿತ್ತು. ನಿಲ್ಲಿಸಲಿಲ್ಲ. ಗಂಟುಗಳ ಮೇಲಿಂದಲೇ ಅವಳು ಕೈಮುಗಿದಿದ್ದಳು.

ಮೂರು ಬಸ್ಸು ಬದಲಿಸಿ ಹೋದರು. ಎರಡು ಹೊಳೆ ಕೂಡುವಲ್ಲಿ ಬಸವಣ್ಣೆವ್ವ ಮಿಂದು, ಒದ್ದೆ ಸೀರೆಯಲ್ಲೇ ದಂಡೆಯ ಕಲ್ಲಿನ ಮೇಲೆ ಕೂತು, ಕರಡಿಗೆ ತೆರೆದು ಲಿಂಗವನ್ನು ಅಂಗೈಯಲ್ಲಿ ಹಿಡಿದಳು. ಅವಸರವಿರಲಿಲ್ಲ, ಯಾವ ಸಂದೂಕವೂ ಕಾಯುತ್ತಿರಲಿಲ್ಲ. ಆಯಿಸಾಹೇಬರು ಮೇಲಿನ ಮೆಟ್ಟಿಲಲ್ಲಿ ಇಬ್ಬರ ಚಪ್ಪಲಿಗಳನ್ನೂ ಬಾಜೂ ಇಟ್ಟುಕೊಂಡು ಕೂತಿದ್ದರು. ಹುನಗುಂದದ ಕಡೆಯ ಮುದುಕಿಯೊಬ್ಬಳು ಮಾತಿಗೆಳೆದು, "ಯಾರ ಜೋಡಿ ಬಂದೀರಿ ಯವ್ವಾ?" ಎಂದು ಕೇಳಿದಳು.

"ಅಕಿ ಜೋಡಿ," ಎಂದು ಆಯಿಸಾಹೇಬರು ಕೆಳಗೆ ಬೆರಳು ತೋರಿಸಿದರು. "ಅಕೀ ಪೂಜಿ ಮುಗೀಲಿ ಅಂತ ಕುಂತೇನಿ."

ಮುದುಕಿ ತನ್ನ ಚಪ್ಪಲಿಯನ್ನೂ ಅವರ ಬಳಿ ಬಿಟ್ಟು, ಸ್ವಲ್ಪ ನೋಡಿಕೊಳ್ಳಿರೆಂದು ಹೇಳಿ ಹೊಳೆಗಿಳಿದಳು. ಆಯಿಸಾಹೇಬರು ಮೂರು ಜೋಡನ್ನೂ ಒಂದೇ ಸಾಲಿಗೆ ಇಟ್ಟು ನೋಡಿಕೊಂಡರು.